ಪರದೇಶದ ಅಚ್ಚು, ನಮ್ಮ ಬೆಲ್ಲ: ಕವಿ ನರ್ಮದರ ಜೀವನ

ಇಂಗ್ಲಿಷ್ ಪತ್ರಿಕೆ, ಇಂಗ್ಲಿಷ್ ಪುಸ್ತಕ, ಇಂಗ್ಲಿಷ್ ಸಿನಿಮಾ ಬಂದು ನಮ್ಮತನ ಹಾಳಾಯ್ತು ಅನ್ನೋ ಮಾತು ಚರ್ಚಾಸ್ಪರ್ಧೆಗಳಲ್ಲಿ ಪ್ರತಿ ವರ್ಷ ಕೇಳಿಬರುತ್ತೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಲೆಕ್ಕಶಾಸ್ತ್ರವನ್ನೆಲ್ಲ ಇಂಗ್ಲಿಷಿನಲ್ಲಿ ಓದುತ್ತಿರುವ ನನಗೆ ಇದು ಬರೀ ಚರ್ಚೆಯ ವಿಷಯವಲ್ಲ. ಆದ್ದರಿಂದ ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಎದುರಿಸಿದ ಗುಜರಾತಿನ ಬರಹಗಾರರೊಬ್ಬರ ಜೀವನವನ್ನು ಗೆಳೆಯರ ಮುಂದಿಡುತ್ತಿದ್ದೇನೆ.

ನರ್ಮದಾಶಂಕರ ಲಾಲಶಂಕರ ದವೆ ಅವರು 1833ರ ಆಗಸ್ಟ್ 24ರಂದು ಸೂರತ್ ನಗರದಲ್ಲಿ ನಾಗರ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರು. ತಂದೆಯವರದು ಮುಂಬಯಿಯಲ್ಲಿ ಬರವಣಿಗೆಯ ನಕಲು ತೆಗೆಯುವ ಕೆಲಸ. ಮಗ ಅಲ್ಲಿಯ ಎಲ್ಫಿನ್‌ಸ್ಟನ್ ಸಂಸ್ಥೆ ಸೇರಿ ಇಂಗ್ಲಿಷ್ ಸಾಹಿತ್ಯದ ರುಚಿ ಕಂಡರು. 1851ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಸಂಘ ಕಟ್ಟುವುದರಿಂದಾಗುವ ಲಾಭದ ಬಗ್ಗೆ ಒಂದು ಭಾಷಣ ಬರೆದು ಓದಿದರು. ಗುಜರಾತಿಯ ಮೊದಲ ಗದ್ಯ ಪ್ರಬಂಧ ಅದೇ ಎಂದು ಅನೇಕರು ಹೇಳುತ್ತಾರೆ. ನಮ್ಮಂಥ ಸಂಘದವರು ಇದನ್ನು ನೆನಪಿಟ್ಟುಕೊಳ್ಳಬೇಕು!

ಆಗ ಗುಜರಾತಿಗೆ ಅಚ್ಚಿನ ಕಾಲ ಬರುತ್ತಿತ್ತು. ಅಹಮದಾಬಾದಿನಲ್ಲಿ ಫೋರ್ಬ್ಸ್ ಎಂಬ ಇಂಗ್ಲಿಷ್ ಅಧಿಕಾರಿ 1848ರಲ್ಲಿ ಗುಜರಾತ್ ವರ್ನಾಕ್ಯುಲರ್ ಸೊಸೈಟಿ ಸ್ಥಾಪಿಸಿದ್ದರು. ಇಂಗ್ಲಿಷ್ ಬಾರದ ಕವಿ ದಲಪತರಾಮರು ಅವರ ಬಲಗೈಯಾಗಿ ನಿಂತು, ಸುಧಾರಣೆಯನ್ನು ಮೆತ್ತಗೆ, ಯಾರಿಗೂ ನೋವಾಗದಂತೆ ಹೇಳುತ್ತಿದ್ದರು. ಸೂರತ್ತಿನ ನರ್ಮದರಿಗೆ ಮೆತ್ತಗೆ ಮಾತಾಡಿ ಗೊತ್ತೇ ಇಲ್ಲ. 1860ರಲ್ಲಿ ವೈಷ್ಣವ ಪೀಠದ ಜದುನಾಥಜಿ ಮಹಾರಾಜರ ಎದುರೇ ನಿಂತು ವಿಧವಾ ವಿವಾಹದ ಪರವಾಗಿ ವಾದ ಮಾಡಿದರು. ಮುಂದೆ ತಾವೇ ಒಬ್ಬ ವಿಧವೆಯನ್ನು ಮದುವೆಯಾಗಿ, ಬಾಯಲ್ಲಿ ಹೇಳಿದ್ದನ್ನು ಮನೆಯಲ್ಲೂ ನಡೆಸಿದರು.

1858ರ ನವೆಂಬರ್ 23ರಂದು ಮೇಷ್ಟ್ರ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಇನ್ನು ಲೇಖನಿಯಿಂದಲೇ ಬದುಕುತ್ತೇನೆ ಎಂದು ಪಣ ತೊಟ್ಟರು. 1864ರಲ್ಲಿ 'ಡಾಂಡಿಯೋ' ಎಂಬ ಪಾಕ್ಷಿಕ ಹೊರಟಿತು. ಅದಕ್ಕೆ ಮಾದರಿ ಇಂಗ್ಲೆಂಡಿನ 'ಸ್ಪೆಕ್ಟೇಟರ್'. ಹೆಸರು ಮಾತ್ರ ಅಪ್ಪಟ ದೇಶಿ: ರಾತ್ರಿ ಹೊತ್ತು ಕೋಲು ಬಡಿದು ಬೀದಿಯವರನ್ನು ಎಚ್ಚರಿಸುವ ಪಹರೆಯವನು. ಮಾದರಿ ಲಂಡನ್ನಿನದು, ಏಟು ಬಿದ್ದದ್ದು ನಮ್ಮೂರಿನ ಡಾಂಭಿಕರ ಬೆನ್ನಿಗೆ. 1866ರಲ್ಲಿ ಆತ್ಮಕಥೆ ಬರೆದರು. ಅದು ಪೂರ್ತಿಯಾಗಿ ಜನರ ಕೈಗೆ ಬಂದದ್ದು 1933ರಲ್ಲಿ. 1873ರಲ್ಲಿ ಮುಗಿದ 'ನರ್ಮಕೋಶ' ಗುಜರಾತಿ ಪದಕ್ಕೆ ಗುಜರಾತಿಯಲ್ಲೇ ಅರ್ಥ ಹೇಳುವ ಮೊದಲ ನಿಘಂಟು. ಸುಮಾರು 25,000 ಪದಗಳನ್ನು ಒಬ್ಬ ಮನುಷ್ಯ ಕೂಡಿಹಾಕಿದ್ದು ಅಂದರೆ ಹುಡುಗಾಟವೇ? ನಮ್ಮಲ್ಲಿ 1843ರ 'ಮಂಗಳೂರ ಸಮಾಚಾರ' ಹೊರಡಿಸಿದವರು ಮೋಗ್ಲಿಂಗ್, 1894ರ ದೊಡ್ಡ ನಿಘಂಟು ಕೊಟ್ಟವರು ಕಿಟೆಲ್, ಇಬ್ಬರೂ ಜರ್ಮನಿಯವರು. ಅವರ ಋಣ ದೊಡ್ಡದು. ಆದರೆ ಅಲ್ಲಿ ಆ ಎರಡೂ ಕೆಲಸಕ್ಕೆ ಕೈ ಹಾಕಿದವನು ಊರಿನ ಕವಿಯೇ ಅನ್ನೋದು ನನಗೆ ದೊಡ್ಡ ವಿಷಯವಾಗಿ ಕಂಡಿತು.

ವಾಣಿಜ್ಯದ ವಿದ್ಯಾರ್ಥಿಯಾದ್ದರಿಂದ ಖರ್ಚಿನ ಕಲಮನ್ನೂ ನೋಡಲೇಬೇಕು. ಪತ್ರಿಕೆ, ನಿಘಂಟು ಯಾವುದೂ ಹೊಟ್ಟೆ ತುಂಬಿಸಲಿಲ್ಲ. ಅಮೆರಿಕದ ಅಂತರ್ಯುದ್ಧದ ಹತ್ತಿ ಹಣದಿಂದ ಉಬ್ಬಿದ್ದ ಮುಂಬಯಿಯ ಷೇರು ಪೇಟೆ 1865ರಲ್ಲಿ ಕುಸಿಯಿತು. ಸಾಹಿತ್ಯಕ್ಕೆ ಕೊಡುವ ಸೇಠರ ಕೈಯೂ ಗಿಡ್ಡವಾಯಿತು. ಸಾಲ ಬೆಳೆಯಿತು. 24 ವರ್ಷ ಕಾಪಾಡಿದ ಪಣವನ್ನು ಮುರಿದು 1882ರಲ್ಲಿ ಗೋಕುಲದಾಸ ತೇಜಪಾಲ ಧರ್ಮಸಂಸ್ಥೆಯಲ್ಲಿ ನೌಕರಿ ಹಿಡಿಯಬೇಕಾಯಿತು. 1886ರ ಫೆಬ್ರವರಿಯಲ್ಲಿ, ಐವತ್ತಮೂರು ತುಂಬುವ ಮುಂಚೆಯೇ ತೀರಿಕೊಂಡರು.

ಕೊನೆಗಾಲದಲ್ಲಿ ಅವರ ವಿಚಾರವೂ ತಿರುಗಿತ್ತು. 1885ರ 'ಧರ್ಮವಿಚಾರ'ದಲ್ಲಿ, ಪಶ್ಚಿಮದವರನ್ನು ನೋಡಿ ಮಾಡುವ ಸುಧಾರಣೆಗಿಂತ ನಮ್ಮ ಹಳೆಯ ಧರ್ಮದಲ್ಲೇ ಬಲವಿದೆ ಎಂಬ ಕಡೆಗೆ ವಾಲಿದರು. ಜೊತೆಗಾರ ಸುಧಾರಕರಿಗೆ ಇದು ಹಿಂದೇಟಾಗಿ ಕಂಡಿತು. ವಿಧವೆಯರ ಪರ ಹೋರಾಡಿದವರು ಹೀಗೆ ಹೊರಳಿದ್ದು ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಒಂದು ಮಾತು ಗಮನಿಸಬೇಕು: ಪಶ್ಚಿಮ ಬೇಡ ಎಂದು ಹೇಳುವುದಕ್ಕೂ ಅವರು ಹಿಡಿದದ್ದು ಪಶ್ಚಿಮದಿಂದ ಕಲಿತ ಪ್ರಬಂಧವನ್ನೇ, ಅಚ್ಚಿನ ಮೊಳೆಯನ್ನೇ. ಅಷ್ಟರಲ್ಲಿ ಅದು ಗುಜರಾತಿಯದೇ ಆಗಿಬಿಟ್ಟಿತ್ತು.

ಅಚ್ಚು ಎಲ್ಲಿಂದಲಾದರೂ ಬರಲಿ, ಅದರಲ್ಲಿ ಹುಯ್ಯುವ ಪಾಕ ನಮ್ಮ ಗಾಣದ್ದಾದರೆ ಬೆಲ್ಲ ನಮ್ಮದೇ. ಬಿ.ಎಂ.ಶ್ರೀಯವರು 'ಇಂಗ್ಲಿಷ್ ಗೀತಗಳು' ಬರೆದಾಗ ನಮ್ಮಲ್ಲೂ ಆದದ್ದು ಇದೇ ಅಲ್ವೇ? ಈಗ ಸೂರತ್ತಿನ ವಿಶ್ವವಿದ್ಯಾನಿಲಯಕ್ಕೆ ನರ್ಮದರ ಹೆಸರಿದೆ. ಅವರು ಹುಟ್ಟಿದ ದಿನವನ್ನು ಗುಜರಾತಿಗಳು ತಮ್ಮ ಭಾಷೆಯ ದಿನವೆಂದು ಆಚರಿಸುತ್ತಾರೆ. ನಾವು ಲೆಕ್ಕಶಾಸ್ತ್ರವನ್ನೋ ಭೌತಶಾಸ್ತ್ರವನ್ನೋ ಇಂಗ್ಲಿಷಿನಲ್ಲಿ ಓದುವುದರಿಂದ ಕನ್ನಡ ಸಾಯೋದಿಲ್ಲ. ಓದಿದ್ದನ್ನು ಕನ್ನಡದಲ್ಲಿ ಬರೆಯುವವರು ಇಲ್ಲದೆ ಹೋದರೆ ಮಾತ್ರ ಆ ಭಯ ನಿಜ.