ಬಿಸಿ ಉಣ್ಣೆಬಟ್ಟೆಯ ಸಿಸ್ಟರ್ ಕೆನ್ನಿ

ನಮ್ಮ ಮಾಮು ಮನೆಗೆ ಬರುತ್ತಿದ್ದಾರೆ ಅನ್ನುವುದು ಅವರ ಹೆಜ್ಜೆ ಸದ್ದಿನಿಂದಲೇ ತಿಳಿಯುತ್ತದೆ. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದದ್ದು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಅವರ ಎಡಗಾಲು ಸಣಕಲಾಯಿತು. ಆದರೂ ಮೂವತ್ತು ವರ್ಷದಿಂದ ಬಲಗಾಲಲ್ಲಿ ಹೊಲಿಗೆ ಮಷಿನ್ ತುಳಿದೇ ಸಂಸಾರ ಸಾಗಿಸಿದವರು. ಈಚೆಗೆ ಆ ಗಟ್ಟಿ ಕಾಲಿಗೇ ನೋವು ಶುರುವಾಗಿದೆ. ವಯಸ್ಸಾಯಿತಲ್ಲ ಅಂತ ನಾನಿ ಸುಮ್ಮನಾದರು. ಮೊದಲ ಪಿಯುಸಿಯಲ್ಲಿ ನರವ್ಯವಸ್ಥೆಯ ಪಾಠ ಓದಿದ್ದ ನನಗೆ ಆ ಉತ್ತರ ಸಾಕಾಗಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದವರು ಎಲಿಜಬೆತ್ ಕೆನ್ನಿ.

ಕೆನ್ನಿ ಹುಟ್ಟಿದ್ದು 1880ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ವಾರಿಯಾಲ್ಡಾದಲ್ಲಿ. ತಂದೆ ಐರ್ಲೆಂಡಿನಿಂದ ಬಂದ ರೈತ. ಹುಡುಗಿಯಾಗಿದ್ದಾಗ ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಟೂವೂಂಬಾ ಪಟ್ಟಣದ ಡಾ. ಈನಿಯಸ್ ಮ್ಯಾಕ್‌ಡೊನೆಲ್ ಚಿಕಿತ್ಸೆ ಕೊಟ್ಟರು. ಕೈ ವಾಸಿಯಾಗುವವರೆಗೆ ಆಕೆ ಮಾಡಿದ ಕೆಲಸವೆಂದರೆ ಡಾಕ್ಟರರ ಅಂಗರಚನಾಶಾಸ್ತ್ರದ ಪುಸ್ತಕ ಓದಿದ್ದು. ಯಾವ ಸ್ನಾಯು ಎಲ್ಲಿ ಶುರುವಾಗಿ ಎಲ್ಲಿ ಅಂಟಿಕೊಳ್ಳುತ್ತದೆ ಅನ್ನುವುದು ಆಗಲೇ ತಲೆಗೆ ಹತ್ತಿತು. ನರ್ಸಿಂಗ್ ಶಾಲೆಯ ಸರ್ಟಿಫಿಕೇಟ್ ಮಾತ್ರ ಆಕೆಯ ಬಳಿ ಕೊನೆಯವರೆಗೂ ಇರಲಿಲ್ಲ. ಹಳ್ಳಿಗಾಡಿನಲ್ಲಿ ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುತ್ತಿದ್ದಳು.

1911ರಲ್ಲಿ, ಆಕೆಯೇ ಮುಂದೆ ಹೇಳಿಕೊಂಡಂತೆ, ಕೈಕಾಲು ಸೆಟೆದುಕೊಂಡು ನೋವಿನಿಂದ ನರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ನೋಡಿದಳು. ಮ್ಯಾಕ್‌ಡೊನೆಲ್‌ಗೆ ತಂತಿ ಕಳಿಸಿದಳು. ಇದು ಮಕ್ಕಳ ಪಾರ್ಶ್ವವಾಯು, ಇದಕ್ಕೆ ಔಷಧಿ ಇಲ್ಲ, ಕಂಡ ಲಕ್ಷಣಕ್ಕೆ ತಕ್ಕಂತೆ ಆರೈಕೆ ಮಾಡು ಅನ್ನುವ ಅರ್ಥದ ಉತ್ತರ ಬಂತು. ಕಂಡದ್ದು ಸೆಟೆದ ಸ್ನಾಯು. ಉಣ್ಣೆಯ ಕಂಬಳಿ ಹರಿದು, ಕುದಿಯುವ ನೀರಿಗೆ ಅದ್ದಿ, ನೀರೆಲ್ಲಾ ಹೋಗುವಂತೆ ಹಿಂಡಿ ಸುತ್ತಿದಳು. ನೋವು ಇಳಿಯಿತು.

ಆ ಕಾಲದ ವೈದ್ಯರ ದಾರಿ ಇದಕ್ಕೆ ತದ್ವಿರುದ್ಧ. ಪೋಲಿಯೊ ಬಂದ ಕೈಕಾಲನ್ನು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲೋ ಸ್ಪ್ಲಿಂಟಿನಲ್ಲೋ ಅಲುಗಾಡದಂತೆ ಕಟ್ಟಿಡುತ್ತಿದ್ದರು. ಗಟ್ಟಿ ಸ್ನಾಯು ಸೋತ ಸ್ನಾಯುವನ್ನು ಎಳೆದು ಕಾಲು ಸೊಟ್ಟಾಗದಿರಲಿ ಅನ್ನುವ ಒಳ್ಳೆಯ ಉದ್ದೇಶವೇ. ಆದರೆ ಕದಲದ ಸ್ನಾಯು ಬೇಗ ಕ್ಷೀಣಿಸುತ್ತದೆ, ಕೀಲು ಬಿಗಿಯುತ್ತದೆ. ಕೆನ್ನಿ ಕಟ್ಟು ಬಿಚ್ಚಿದಳು. ಮೊದಲು ಶಾಖ, ಆಮೇಲೆ ತಾನೇ ಮೃದುವಾಗಿ ಕಾಲು ಆಡಿಸುವುದು, ಕೊನೆಗೆ ಮಗುವಿಗೆ ಆ ಸ್ನಾಯು ಇರುವ ಜಾಗ ತೋರಿಸಿ, ಮನಸ್ಸನ್ನು ಅಲ್ಲೇ ನಿಲ್ಲಿಸಿ, ತಾನಾಗಿ ಅಲುಗಿಸಲು ಕಲಿಸುವುದು.

ಸಿಸ್ಟರ್ ಅಂದಕೂಡಲೇ ಕಾನ್ವೆಂಟಿನವರು ಅಂದುಕೊಳ್ಳಬೇಡಿ, ನಾನೂ ಮೊದಲು ಹಾಗೇ ತಿಳಿದಿದ್ದೆ. ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರನ್ನು ಸಾಗಿಸುವ ಹಡಗುಗಳಲ್ಲಿ ದುಡಿದದ್ದಕ್ಕೆ 1917ರಲ್ಲಿ ಸೇನೆ ಕೊಟ್ಟ ದರ್ಜೆ ಅದು. 1927ರಲ್ಲಿ ರೋಗಿಗಳನ್ನು ಅಲುಗಾಡದಂತೆ ಒಯ್ಯುವ ಸ್ಟ್ರೆಚರ್ ಒಂದಕ್ಕೆ ಪೇಟೆಂಟನ್ನೂ ಪಡೆದರು.

ಟೌನ್ಸ್‌ವಿಲ್‌ನಲ್ಲಿ ಚಿಕಿತ್ಸಾಲಯ ತೆರೆದ ಮೇಲೆ ವಿರೋಧ ಜೋರಾಯಿತು. ಕ್ವೀನ್ಸ್‌ಲ್ಯಾಂಡ್ ಸರ್ಕಾರ ನೇಮಿಸಿದ ವೈದ್ಯರ ಆಯೋಗ 1938ರಲ್ಲಿ ಆಕೆಯ ಪದ್ಧತಿಯನ್ನು, ಅದರಲ್ಲೂ ಸ್ಪ್ಲಿಂಟ್ ಬಿಡುವುದನ್ನು, ಖಂಡಿಸಿ ವರದಿ ಕೊಟ್ಟಿತು. 1940ರಲ್ಲಿ ಅಮೆರಿಕಕ್ಕೆ ಹೋದರು. ಬಾಗಿಲುಗಳು ಒಂದೊಂದಾಗಿ ಮುಚ್ಚಿದವು, ಮಿನಿಯಾಪೊಲಿಸ್ ಮಾತ್ರ ತೆರೆಯಿತು. ಅಲ್ಲಿನ ವೈದ್ಯರು ರೋಗಿಗಳನ್ನು ಕಣ್ಣಾರೆ ಕಂಡು ಒಪ್ಪಿದರು. 1942ರಲ್ಲಿ ಆಕೆಯ ಹೆಸರಿನ ಸಂಸ್ಥೆಯೇ ಅಲ್ಲಿ ಶುರುವಾಯಿತು, 1946ರಲ್ಲಿ ಆಕೆಯ ಮೇಲೆ ಹಾಲಿವುಡ್ ಸಿನಿಮಾ ಬಂತು.

ಆದರೆ ಕೆನ್ನಿ ಎಲ್ಲದರಲ್ಲೂ ಸರಿ ಇದ್ದರು ಅಂತ ಬರೆದರೆ ಸುಳ್ಳಾಗುತ್ತದೆ. ರೋಗದ ಮೂಲ ಸ್ನಾಯುವಿನಲ್ಲೇ ಇದೆ ಅಂತ ಹಟ ಹಿಡಿದಿದ್ದರು. ನಿಜದಲ್ಲಿ ಪೋಲಿಯೊ ವೈರಸ್ ಕೊಲ್ಲುವುದು ಮಿದುಳುಬಳ್ಳಿಯ ಮುಂಭಾಗದ ಚಾಲಕ ನರಕೋಶಗಳನ್ನು. ಆಜ್ಞೆ ಬರದ ಸ್ನಾಯು ಬಡವಾಗುತ್ತದೆ. ಸಂವೇದನೆಯ ನರಗಳು ಉಳಿದಿರುವುದರಿಂದ ನೋವು ಮಾತ್ರ ಪೂರ್ತಿ ಗೊತ್ತಾಗುತ್ತದೆ. ಸತ್ತ ನರಕೋಶವನ್ನು ಯಾವ ಬಿಸಿ ಬಟ್ಟೆಯೂ ಬದುಕಿಸಲಾರದು. ಮಾತಿನಲ್ಲೂ ಆಕೆ ಬಲು ಒರಟು, ಒಪ್ಪದ ಡಾಕ್ಟರರ ಜೊತೆ ಜಗಳವಾಡದ ದಿನ ಕಡಿಮೆ. ನನಗನ್ನಿಸುವುದು, ಅಷ್ಟು ಒರಟುತನ ಇಲ್ಲದಿದ್ದರೆ 1938ರಲ್ಲೇ ಸುಮ್ಮನಾಗಿಬಿಡುತ್ತಿದ್ದರು.

ಕೊನೆಗಾಲದಲ್ಲಿ ಆಕೆಗೇ ಪಾರ್ಕಿನ್‌ಸನ್ ಕಾಯಿಲೆ ಬಂತು, ನರವ್ಯವಸ್ಥೆಯದೇ ಇನ್ನೊಂದು ಕಾಯಿಲೆ. ಎಷ್ಟೋ ಮಕ್ಕಳ ಕಾಲು ಹಿಡಿದ ಕೈ ನಡುಗತೊಡಗಿತು. 1952ರ ನವೆಂಬರ್ 30ರಂದು ಟೂವೂಂಬಾದಲ್ಲಿ ತೀರಿಕೊಂಡರು. ಸಾಕ್ ಲಸಿಕೆ ಬಂದದ್ದು 1955ರಲ್ಲಿ.

ಮಾಮುವಿನ ವಿಷಯಕ್ಕೆ ಬರುತ್ತೇನೆ. ಇದೆಲ್ಲ ಓದಿದ ಮೇಲೆ ಹಟ ಮಾಡಿ ಅವರನ್ನು ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಹೇಳಿದ್ದಿಷ್ಟು: ಪೋಲಿಯೊದಲ್ಲಿ ಬದುಕುಳಿದ ನರಕೋಶಗಳು ಹೊಸ ಕವಲೊಡೆದು, ಅನಾಥವಾದ ಸ್ನಾಯು ಎಳೆಗಳನ್ನೂ ಸಾಕುತ್ತವೆ. ಆ ಹೆಚ್ಚುವರಿ ಹೊರೆ ಹೊತ್ತು ದಶಕಗಳ ಮೇಲೆ ಅವು ದಣಿಯುತ್ತವೆ. ಚೆನ್ನಾಗಿದೆ ಅಂದುಕೊಂಡ ಕಾಲಿಗೂ ಒಳಗೊಳಗೇ ಪೆಟ್ಟು ಬಿದ್ದಿರಬಹುದು. ಹಾಗಾಗಿ ವ್ಯಾಯಾಮ ಬೇಕು, ಆದರೆ ಸುಸ್ತಾಗುವ ಮೊದಲೇ ನಿಲ್ಲಿಸಬೇಕು.

ಈಗ ಮಾಮು ಮಷಿನ್‌ಗೆ ಮೋಟಾರ್ ಹಾಕಿಸಿದ್ದಾರೆ. ದಿನಕ್ಕೆರಡು ಸಲ ಕುರ್ಚಿಯಲ್ಲಿ ಕುಳಿತು ಕಾಲು ಎತ್ತಿ ಇಳಿಸುತ್ತಾರೆ, ನಾನು ಎಣಿಸುತ್ತೇನೆ. ರಾತ್ರಿ ನಾನಿ ಬಿಸಿನೀರಿಗೆ ಟವೆಲ್ ಅದ್ದಿ, ಹಿಂಡಿ, ಅವರ ಮೊಣಕಾಲಿಗೆ ಸುತ್ತುತ್ತಾರೆ. ಕೆನ್ನಿ ಯಾರು ಅಂತ ನಾನಿಗೆ ಹೇಳಿದೆ. ಇಷ್ಟಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ ಅಂತ ಕೇಳಿದರು.