ವಜ್ರಕ್ಕೆ ಒಲಿದ ರಾಮನ್

ಹುಣಸೂರಿನಲ್ಲಿ ಕನ್ನಡ ಬೋಧಿಸುವ ನನಗೆ ಸರ್ ಸಿ. ವಿ. ರಾಮನ್ನರ ಬಾಳಿನಲ್ಲಿ 1930ರ ನೊಬೆಲ್ ಪಾರಿತೋಷಕಕ್ಕಿಂತ ಅವರ ವಜ್ರವ್ಯಾಮೋಹವೇ ಹೆಚ್ಚು ಹಿಡಿಸಿದೆ. 1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಜನಿಸಿದ ಅವರು 1933ರಲ್ಲಿ ಬೆಂಗಳೂರಿಗೆ ಬಂದರು.

ವಜ್ರವೂ ಪೆನ್ಸಿಲಿನ ಗ್ರಾಫೈಟೂ ಇಂಗಾಲವೇ. ಗ್ರಾಫೈಟಿನಲ್ಲಿ ಪರಮಾಣುವೊಂದು ಮೂರರೊಡನೆ ಬೆಸೆದಿದೆ, ಪದರಗಳು ಜಾರುತ್ತವೆ. ವಜ್ರದಲ್ಲಿ ನಾಲ್ಕರೊಡನೆ ಬೆಸೆದು ಎಲ್ಲ ದಿಕ್ಕಿಗೂ ಬಿಗಿದಿದೆ. ಕಾಠಿಣ್ಯದ ಗುಟ್ಟು ಇದೇ. ಈ ಹೆಣಿಗೆ ಕಂಪಿಸುವ ಬಗೆಯನ್ನು ಕುರಿತು ರಾಮನ್ನರು, ಹಿಂದೆ ತಾವೇ ಬೆಂಗಳೂರಿಗೆ ಕರೆಸಿಕೊಂಡಿದ್ದ ಮ್ಯಾಕ್ಸ್ ಬಾರ್ನ್‌ರೊಡನೆ 1940ರ ದಶಕದಲ್ಲಿ ವಾದಕ್ಕಿಳಿದರು. ಬೆಂಗಳೂರಿನಲ್ಲಿ ತೆಗೆದ ವಜ್ರದ ರೋಹಿತದಲ್ಲಿ ಚೂಪಾದ ಗೆರೆಗಳಿದ್ದುದು ನಿಜ; ಅದಕ್ಕೆ ಅವರಿತ್ತ ಕಾರಣ ನಿಲ್ಲಲಿಲ್ಲ, ಬಾರ್ನ್‌ರ ಸಿದ್ಧಾಂತವೇ ಗೆದ್ದಿತು. 1970ರಲ್ಲಿ ಕಾಲವಾದ ರಾಮನ್ನರು ಮಾತ್ರ ಮಣಿಯಲಿಲ್ಲ.

ಕಂಡದ್ದು ಸತ್ಯ, ಊಹಿಸಿದ್ದು ತಪ್ಪು: ಎರಡೂ ಒಬ್ಬ ಮಹನೀಯನಲ್ಲೇ ಇರಬಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿಯಲಿ.