ಕಣ್ಣಿಲ್ಲದ ಮಕ್ಕಳ ಕೈಗೆ ತಾಳ ಕೊಟ್ಟ ಪಂಚಾಕ್ಷರಿ ಗವಾಯಿಗಳು

ವಿಜಯಪುರ: ಶ್ರಾವಣ ಬಂತಂದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಲ್ಲಿ ಪುರಾಣ, ಭಜನಿ ಶುರು. ಪುರಾಣಕ್ಕೆ ಹಾಡುವ ಗವಾಯಿಗಳು, ತಬಲಾ ನುಡಿಸುವವರು ಎಲ್ಲಿ ಕಲಿತವರು ಅಂತ ವಿಚಾರಿಸಿದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಆಶ್ರಮ ಕಟ್ಟಿದವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಹುಟ್ಟಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಇವರಿಗೂ, ಒಡಹುಟ್ಟಿದ ಗುರುಬಸಯ್ಯನಿಗೂ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಅಂಧ ಮಕ್ಕಳಿಗೆ ಭಿಕ್ಷೆ ಬಿಟ್ಟರೆ ಬೇರೆ ದಾರಿ ಕಮ್ಮಿ. ಆದರೆ ಹುಡುಗರ ಕಂಠ ಚಲೋ ಇತ್ತು. ಹಾನಗಲ್ ಕುಮಾರ ಸ್ವಾಮಿಗಳು ಅದನ್ನು ಗುರುತಿಸಿ ಸಂಗೀತ ಕಲಿಸಲು ಏರ್ಪಾಡು ಮಾಡಿದರು.

ಗವಾಯಿಗಳು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿ ಕಲಿತರು. ಕುಮಾರ ಸ್ವಾಮಿಗಳು 1909ರಲ್ಲಿ ಮಲಪ್ರಭಾ ದಂಡೆಯ ಮೇಲೆ ಸ್ಥಾಪಿಸಿದ ಶಿವಯೋಗ ಮಂದಿರದ ಜೊತೆ ಅವರ ನಂಟು ಬೆಳೆಯಿತು. ಬದಾಮಿ ತಾಲ್ಲೂಕಿನ ಈ ಮಂದಿರ ಆಗ ಅಖಂಡ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ.

ಕಲಿತ ವಿದ್ಯೆಯಿಂದ ಕಛೇರಿ ಮಾಡಿಕೊಂಡು ಅವರು ಆರಾಮಾಗಿ ಇರಬಹುದಿತ್ತು. ಹಾಗೆ ಮಾಡದೆ ತಮ್ಮಂತೆ ಕಣ್ಣಿಲ್ಲದ, ಬಡತನದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ ಪಾಠ ಹೇಳಿದರು. ಮುಂದೆ ಗದುಗಿನಲ್ಲಿ ನೆಲೆ ನಿಂತರು. ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಪುಕ್ಕಟೆ. ಖರ್ಚು ನಡೆದಿದ್ದು ಜನರ ದಾನದಿಂದ. ಶಿಷ್ಯರನ್ನು ಸಾಕಲು ಗವಾಯಿಗಳು ನಾಟಕ ಕಂಪನಿಯನ್ನೂ ಕಟ್ಟಿದರು.

ಹೊಸದಾಗಿ ಕಲಿಯುವವರಿಗೆ ರಾಗಕ್ಕಿಂತ ಮೊದಲು ತೊಡಕಾಗೋದು ತಾಳ. ಭಜನಿಯಲ್ಲಿ ಹೆಚ್ಚು ಬಳಸೋದು ದಾದ್ರಾ ಮತ್ತು ಕೆಹರ್ವಾ. ದಾದ್ರಾಕ್ಕೆ 6 ಮಾತ್ರೆ: ಒಂದಕ್ಕೆ ಚಪ್ಪಾಳೆ, ನಾಲ್ಕಕ್ಕೆ ಖಾಲಿ, ಅಂದ್ರೆ ಚಪ್ಪಾಳೆ ಹೊಡೆಯದೆ ಕೈ ಬೀಸಬೇಕು. ಕೆಹರ್ವಾಕ್ಕೆ 8 ಮಾತ್ರೆ: ಒಂದಕ್ಕೆ ಚಪ್ಪಾಳೆ, ಐದಕ್ಕೆ ಖಾಲಿ. ಇವು ಕೈಗೆ ಹತ್ತಿದ ಮೇಲೆ ತೀನತಾಲ್. ಅದರ 16 ಮಾತ್ರೆಯಲ್ಲಿ 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ. ಎಷ್ಟೇ ಆಲಾಪ, ತಾನು ಹಾಡಿದರೂ ಮೊದಲ ಮಾತ್ರೆ, ಅಂದ್ರೆ ಸಮ್‌ಗೆ ಬಂದು ಕೂಡಲೇಬೇಕು.

ಕಣ್ಣಿದ್ದವರು ಗುರುವಿನ ಕೈ ನೋಡಿ ಇದನ್ನು ಕಲಿಯಬಹುದು. ಅಂಧ ಮಕ್ಕಳಿಗೆ ಖಾಲಿಯ ಕೈ ಬೀಸು ಕಾಣೋದಿಲ್ಲ, ಕೇಳೋದೂ ಇಲ್ಲ. ಅವರು ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು, ತಬಲಾದ ಬೋಲ್ ಬಾಯಿಪಾಠ ಮಾಡಬೇಕು. ಆದರೆ ಒಮ್ಮೆ ಕೂತ ಲೆಕ್ಕ ತಪ್ಪಿಸೋದು ಕಷ್ಟ. ಲಯ ಗಟ್ಟಿಯಿದ್ದ ಹುಡುಗ ಪುರಾಣಕ್ಕೆ, ನಾಟಕಕ್ಕೆ ಸಾಥ್ ನೀಡಿ ನಾಲ್ಕು ಕಾಸು ದುಡಿಯಬಲ್ಲ. ಬೇಡುತ್ತಿದ್ದ ಕೈ ದುಡಿಯುವ ಕೈ ಆಗಿದ್ದು ಹೀಗೆ.

ಬಸವರಾಜ ರಾಜಗುರು, ಅರ್ಜುನಸಾ ನಾಕೋಡ, ಸಿದ್ಧರಾಮ ಜಂಬಲದಿನ್ನಿ ಅವರಂಥ ದೊಡ್ಡ ಗಾಯಕರೂ ಇದೇ ಗುರುವಿನ ಶಿಷ್ಯರು. ಬಸವರಾಜ ರಾಜಗುರು ಕಣ್ಣಿದ್ದವರೇ. ಆಶ್ರಮದ ಬಾಗಿಲು ಎಲ್ಲರಿಗೂ ತೆರೆದಿತ್ತು, ಜಾತಿ ಕೇಳುವ ಪದ್ಧತಿ ಇರಲಿಲ್ಲ.

1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಅವರ ಶಿಷ್ಯ, ಅಂಧರೇ ಆಗಿದ್ದ ಪುಟ್ಟರಾಜ ಗವಾಯಿಗಳು ಆಶ್ರಮದ ಹೊಣೆ ಹೊತ್ತು 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದರು. ಗುರುವಿನ ಬದುಕಿನ ಮೇಲೆ 1995ರಲ್ಲಿ ಸಿನಿಮಾ ಬಂತು. ಅದರ ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ರಾಷ್ಟ್ರಪ್ರಶಸ್ತಿ ಪಡೆದರು. ಗವಾಯಿಗಳು ಬಿಟ್ಟುಹೋದ ಆಸ್ತಿ ಅಂದ್ರೆ ಆ ಶಿಷ್ಯರು, ಶಿಷ್ಯರ ಶಿಷ್ಯರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಮಕ್ಕಳಿಗೆ ತಾಳ ಹೇಳಿಕೊಡುತ್ತಿರುವವರಲ್ಲಿ ಆ ಪರಂಪರೆಯವರು ಬಹಳ.